ಸ್ಟೇನ್‌ಲೆಸ್ ಬೇರಿಂಗ್‌ಗೂ ತುಕ್ಕು ಹಿಡಿಯುತ್ತದೆ: ಉಪ್ಪು, ಹುಳಿ, ಕಾಸ್ಟಿಕ್ ಇರುವ ಕಡೆ ನಾನು ಬೇರಿಂಗ್ ಆರಿಸುವ ರೀತಿ

"ಸ್ಟೇನ್‌ಲೆಸ್ ಬೇರಿಂಗ್ ಹಾಕಿಸಿದ್ರೂ ಮತ್ತ ಜಾಮ್ ಆತ್ರೀ." ಹುಬ್ಬಳ್ಳಿಯ ಗೋಕುಲ ರಸ್ತೆಯಿಂದ ಬ್ಯಾಡಗಿವರೆಗೆ ನಾನು ಪದೇ ಪದೇ ಕೇಳುವ ಮಾತು ಇದು. ನನ್ನದು ಮೆಷಿನ್ ರಿಪೇರಿ ಕೆಲಸ. ಉಪ್ಪಿನಕಾಯಿ ಘಟಕ, ಹಾಲಿನ ಘಟಕ, ಲೋಹಕ್ಕೆ ಲೇಪನ ಕೊಡುವ ಪ್ಲೇಟಿಂಗ್ ಶೆಡ್, ಖಾರದಪುಡಿ ಗಿರಣಿ, ಎಲ್ಲ ಕಡೆ ಹೋಗುತ್ತೇನೆ. ದುಬಾರಿ ಬೇರಿಂಗ್ ಕೊಂಡವರ ಸಿಟ್ಟು ಸಹಜವೇ. ಆದರೆ ಎಷ್ಟೋ ಸಲ ಮಾಲು ನಕಲಿ ಆಗಿರುವುದಿಲ್ಲ. ಆ ಜಾಗಕ್ಕೆ ಹೊಂದದ ಸ್ಟೀಲ್ ಹಾಕಿರುತ್ತಾರೆ. ಇಲ್ಲವೇ ಸ್ಟೀಲ್ ಸರಿಯಿದ್ದು ಸೀಲು (ನೀರು, ಧೂಳು ಒಳಗೆ ಹೋಗದಂತೆ ತಡೆಯುವ ಪಕ್ಕದ ಮುಚ್ಚಳ), ಗ್ರೀಸು ಕೈಕೊಟ್ಟಿರುತ್ತವೆ.

ಹಾಗಾಗಿ ಹೊಸದರ ನಂಬರ್ ಬರೆಯುವ ಮೊದಲು ಹಳೆಯದನ್ನು ಕತ್ತರಿಸಿ ನೋಡುತ್ತೇನೆ. ಬ್ಯಾಡಗಿ ಹತ್ತಿರದ ಒಂದು ಉಪ್ಪಿನಕಾಯಿ ಘಟಕದ ಕನ್ವೇಯರ್‌ನಿಂದ ಬಂದ 6205 ಬೇರಿಂಗ್ (25 ಮಿ.ಮೀ. ಶಾಫ್ಟಿಗೆ ಕೂರುವಂಥದು, ಎರಡು ರಿಂಗ್‌ಗಳ ನಡುವೆ ಬಾಲ್‌ಗಳು ಉರುಳುತ್ತವೆ) ಈಗಲೂ ನನ್ನ ಬೆಂಚಿನ ಮೇಲಿದೆ. ಹೊರಗಿನ ರಿಂಗನ್ನು ಗ್ರೈಂಡರ್‌ನಲ್ಲಿ ಸೀಳಿ, ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದರೆ ಒಳಗೆ ಬಾಲ್‌ಗಳು ಉರುಳುವ ದಾರಿ ಮುಕ್ಕಾಲು ಪಾಲು ಹೊಳೆಯುತ್ತದೆ. ಕೆಳಗಿದ್ದ ಭಾಗದಲ್ಲಿ ಮಾತ್ರ ಕಪ್ಪು-ಕಂದು ಕಲೆಗಳು, ಒಂದರಿಂದ ಒಂದಕ್ಕೆ ಸಮ ಅಂತರ. ಆ ಅಂತರ ಎರಡು ಬಾಲ್‌ಗಳ ನಡುವಿನ ಅಂತರವೇ. ಅಂದರೆ ಬೇರಿಂಗ್ ಕೆಟ್ಟಿದ್ದು ತಿರುಗುವಾಗ ಅಲ್ಲ, ನಿಂತಿರುವಾಗ. ಸಂಜೆ ಮೆಷಿನ್ ತೊಳೆದು ಎಲ್ಲರೂ ಮನೆಗೆ ಹೋಗುತ್ತಾರೆ. ಸೀಲಿನಿಂದ ನುಸುಳಿದ ಉಪ್ಪುನೀರು ತಳದಲ್ಲಿ ನಿಲ್ಲುತ್ತದೆ. ಬಾಲ್ ಮತ್ತು ರಿಂಗ್ ಒತ್ತಿಕೊಂಡಿರುವ ಕಡೆ ರಾತ್ರಿಯಿಡೀ ಕೊರೆಯುತ್ತದೆ. ಬೆಳಿಗ್ಗೆ ಸ್ವಿಚ್ ಹಾಕಿದಾಗ ಬಾಲ್‌ಗಳು ಆ ಗುಳಿಗಳ ಮೇಲೆ ಕುಣಿಯುತ್ತವೆ. ಆಮೇಲೆ ಬರುವ ಗರಗರ ಸದ್ದು ನಿಮಗೆಲ್ಲ ಗೊತ್ತಿರುವುದೇ.

ಈಗ ಸ್ಟೀಲಿನ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ತಪ್ಪು ತಿಳಿವಳಿಕೆ ಜಾಸ್ತಿ ಇರುವುದು ಇಲ್ಲೇ.

ಮಾಮೂಲಿ ಬೇರಿಂಗ್ ಸ್ಟೀಲನ್ನು ನಮ್ಮ ಲೇತ್ ಕೆಲಸದವರು ಇಎನ್ 31 ಅನ್ನುತ್ತಾರೆ. ಅದರಲ್ಲಿ ಸುಮಾರು ಶೇ 1 ಕಾರ್ಬನ್, ಶೇ 1.5ರ ಆಸುಪಾಸು ಕ್ರೋಮಿಯಂ. ತುಕ್ಕು ತಡೆಯಲು ಕನಿಷ್ಠ ಶೇ 10.5 ಕ್ರೋಮಿಯಂ ಬೇಕು. ಅಷ್ಟಿದ್ದರೆ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಒಂದು ಪದರ ಕಟ್ಟಿಕೊಳ್ಳುತ್ತದೆ. ಗೀರು ಬಿದ್ದರೂ ಗಾಳಿಯ ಆಕ್ಸಿಜನ್‌ನಿಂದ ಮತ್ತೆ ತಾನೇ ಕಟ್ಟಿಕೊಳ್ಳುತ್ತದೆ. ಆದರೆ ಬೇರಿಂಗ್‌ಗೆ ಗಟ್ಟಿತನವೂ ಬೇಕಲ್ವಾ? ಗಟ್ಟಿತನ ಬರುವುದು ಕಾರ್ಬನ್‌ನಿಂದ. ಆ ಕಾರ್ಬನ್ ಕ್ರೋಮಿಯಂನ ಒಂದು ಪಾಲನ್ನು ಕಾರ್ಬೈಡ್ ಮಾಡಿಕೊಂಡು ಹಿಡಿದಿಡುತ್ತದೆ. ಆ ಪಾಲು ತುಕ್ಕು ತಡೆಯುವ ಕೆಲಸಕ್ಕೆ ಬರುವುದಿಲ್ಲ. ಹೀಗಾಗಿ ಗಟ್ಟಿ ಬೇಕೋ, ತುಕ್ಕು ಹಿಡಿಯದ್ದು ಬೇಕೋ ಎಂದು ಪ್ರತಿ ಜಾಗದಲ್ಲೂ ಕೇಳಿಕೊಳ್ಳಲೇಬೇಕು.

ಸ್ಟೇನ್‌ಲೆಸ್‌ನಲ್ಲಿ 440ಸಿ ಎಂಬ ದರ್ಜೆ ಗಟ್ಟಿ ಕಡೆಯದು. ಕ್ರೋಮಿಯಂ ಶೇ 16ರಿಂದ 18, ಕಾರ್ಬನ್ ಶೇ 1ರ ಹತ್ತಿರ, ಗಟ್ಟಿತನ 58-60 ಎಚ್‌ಆರ್‌ಸಿ (ಗಟ್ಟಿತನ ಅಳೆಯುವ ರಾಕ್‌ವೆಲ್ ಮಾಪಕ). ನೀರು, ಆವಿ, ಹಾಲು, ತೆಳು ಕಾಸ್ಟಿಕ್‌ಗೆ (ಕಾಸ್ಟಿಕ್ ಸೋಡಾ ಕಲಸಿದ ನೀರು) ಚೆನ್ನಾಗಿ ತಡೆಯುತ್ತದೆ. ಉಪ್ಪುನೀರು ಸದಾ ಮೈಮೇಲೆ ಇದ್ದರೆ ಸೋಲುತ್ತದೆ. 304 ಮತ್ತು 316 ದರ್ಜೆಗಳು ಇನ್ನೊಂದು ಕಡೆಯವು, ತುಕ್ಕು ತಡೆಯುವ ಕಡೆಯವು. 316ರಲ್ಲಿ ಶೇ 2ರಿಂದ 3 ಮಾಲಿಬ್ಡಿನಂ ಇರುವುದರಿಂದ ಉಪ್ಪಿನ ಕ್ಲೋರೈಡ್‌ಗೆ ಹೆಚ್ಚು ಚೆನ್ನಾಗಿ ತಡೆಯುತ್ತದೆ. ಆದರೆ ಈ ಎರಡನ್ನೂ ಕಾಯಿಸಿ ಅದ್ದಿ ಗಟ್ಟಿ ಮಾಡಲು ಬರುವುದಿಲ್ಲ. ಮೆತ್ತಗಿನ ಸ್ಟೀಲ್. ಭಾರ ಕಡಿಮೆ, ವೇಗ ಕಡಿಮೆ ಇರುವ ಕಡೆ ಮಾತ್ರ ಹಾಕಬೇಕು.

ಇದೇ ಕಾರಣಕ್ಕೆ ಮ್ಯಾಗ್ನೆಟ್ ಪರೀಕ್ಷೆ ಜನರನ್ನು ದಾರಿ ತಪ್ಪಿಸುತ್ತದೆ. "ಅಣ್ಣಾರ, ಇದಕ್ಕ ಮ್ಯಾಗ್ನೆಟ್ ಹತ್ತತೈತ್ರೀ, ಇದು ಸ್ಟೇನ್‌ಲೆಸ್ ಅಲ್ರೀ" ಎಂದು ಒಬ್ಬ ಹುಡುಗ ಒಳ್ಳೆಯ 440ಸಿ ಬೇರಿಂಗನ್ನು ಅಂಗಡಿಗೆ ವಾಪಸ್ ಕೊಡಲು ಹೊರಟಿದ್ದ. 440ಸಿಗೆ ಮ್ಯಾಗ್ನೆಟ್ ಹತ್ತಲೇಬೇಕು, ಅದರ ಗುಣವೇ ಅದು. ಹತ್ತದಿದ್ದರೆ ಕೈಯಲ್ಲಿರುವುದು 304 ಅಥವಾ 316, ಭಾರ ಹೊರುವ ಜಾಗಕ್ಕೆ ಅದನ್ನು ಹಾಕಬಾರದು. ಅನುಮಾನ ಬಂದರೆ ನಾನು ಮಾಡುವುದು ಇಷ್ಟೇ. ಒಂದು ಬೇರಿಂಗಿನ ಎಣ್ಣೆಯನ್ನು ಪೂರ್ತಿ ತೊಳೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ ರಾತ್ರಿ ಇಡುತ್ತೇನೆ. ಮಾಮೂಲಿ ಸ್ಟೀಲ್ ಆಗಿದ್ದರೆ ಬೆಳಿಗ್ಗೆ ಬಟ್ಟೆಯ ಮೇಲೆ ಕೆಂಪು ಕಲೆ ಬಿದ್ದಿರುತ್ತದೆ.

ಭಾರದ ಲೆಕ್ಕವನ್ನೂ ನೋಡಬೇಕು. ಅದೇ ಅಳತೆಯ 440ಸಿ ಬೇರಿಂಗಿಗೆ ಭಾರ ಹೊರುವ ಶಕ್ತಿ ಮಾಮೂಲಿಗಿಂತ ಸುಮಾರು ಶೇ 20 ಕಡಿಮೆ ಎಂದು ಹಿಡಿಯಬಹುದು. ಕೇಳಲು ಸಣ್ಣದು. ಆದರೆ ಬಾಲ್ ಬೇರಿಂಗಿನ ಆಯಸ್ಸು ಈ ಶಕ್ತಿಯ ಘನದ ಲೆಕ್ಕದಲ್ಲಿ ಬದಲಾಗುತ್ತದೆ. 0.8ರ ಘನ ಅಂದರೆ 0.51. ಲೆಕ್ಕದ ಆಯಸ್ಸು ಹತ್ತಿರ ಹತ್ತಿರ ಅರ್ಧ. ಒದ್ದೆ ಜಾಗದಲ್ಲಿ ಮಾಮೂಲಿ ಬೇರಿಂಗ್ ಸವೆದು ಸಾಯುವ ಮೊದಲೇ ತುಕ್ಕಿಗೆ ಸಾಯುತ್ತದೆ, ಹಾಗಾಗಿ ಅಲ್ಲಿ ಈ ನಷ್ಟ ಲೆಕ್ಕಕ್ಕಿಲ್ಲ. ಒಣ ಜಾಗದಲ್ಲಿ, ಭಾರ ಜಾಸ್ತಿ ಇರುವ ಕಡೆ ಸ್ಟೇನ್‌ಲೆಸ್ ಹಾಕಿದರೆ ಮಾತ್ರ ದುಡ್ಡು ಕೊಟ್ಟು ಆಯಸ್ಸು ಕಳೆದುಕೊಂಡಂತೆ.

ಆ ಉಪ್ಪಿನಕಾಯಿ ಕನ್ವೇಯರ್‌ಗೆ ಕೊನೆಗೆ ಎರಡು ಬೇರೆ ಬೇರೆ ಬೇರಿಂಗ್ ಹಾಕಿದೆ. ಉಪ್ಪುನೀರಿನ ತೊಟ್ಟಿಯೊಳಗೆ ಮುಳುಗಿ ತಿರುಗುವ ಸಣ್ಣ ರೋಲರ್‌ಗೆ ಪ್ಲಾಸ್ಟಿಕ್ ರಿಂಗ್, ಗಾಜಿನ ಬಾಲ್ ಇರುವ ಬೇರಿಂಗ್. ಅಲ್ಲಿ ಭಾರವೂ ಇಲ್ಲ, ವೇಗವೂ ಇಲ್ಲ, ಗ್ರೀಸಿನ ಗೊಡವೆಯೂ ಇಲ್ಲ. ತೊಟ್ಟಿಯ ಹೊರಗಿನ ಡ್ರೈವ್ ಶಾಫ್ಟ್ ಚೈನಿನ ಎಳೆತ ಹೊರಬೇಕು, ಉಪ್ಪು ಬರೀ ಸಿಡಿಯುತ್ತದೆ. ಅದಕ್ಕೆ 440ಸಿ, ಎರಡೂ ಕಡೆ ರಬ್ಬರ್ ಸೀಲ್, ಬೇರಿಂಗ್ ಕೂರಿಸಲು ಪ್ಲಾಸ್ಟಿಕ್ ಬ್ಲಾಕ್. ಮೋಟಾರಿನ ಬೇರಿಂಗ್ ಮುಟ್ಟಲಿಲ್ಲ, ಅಲ್ಲಿಗೆ ನೀರೇ ಹೋಗುವುದಿಲ್ಲ. "ಎಲ್ಲಾ ಒಂದ ನಮೂನಿ ಹಾಕ್ರಲಾ, ಸ್ಟಾಕ್ ಇಡಾಕ ಸಸಾರ ಆಕ್ಕೈತಿ" ಎಂದರು ಮಾಲೀಕರು. ಸೀಳಿದ ಬೇರಿಂಗ್ ತೋರಿಸಿದ ಮೇಲೆ ಒಪ್ಪಿದರು.

ಧಾರವಾಡದ ಕಡೆಯ ಹಾಲಿನ ಘಟಕದಲ್ಲಿ ಕತೆ ಬೇರೆ. ಕ್ರೇಟ್ ತೊಳೆಯುವ ಮೆಷಿನ್‌ನಲ್ಲಿ ಬಿಸಿ ಕಾಸ್ಟಿಕ್ ನೀರು. ಕಾಸ್ಟಿಕ್‌ಗೆ 440ಸಿ ಅಂಜುವುದಿಲ್ಲ, ಆದರೆ ಸತು ಮತ್ತು ಅಲ್ಯೂಮಿನಿಯಂ ಕರಗುತ್ತವೆ. ಬೇರಿಂಗ್ ಸ್ಟೇನ್‌ಲೆಸ್ ಹಾಕಿ, ಬ್ಲಾಕ್ ಮಾತ್ರ ಸತು ಲೇಪನದ್ದು ಹಾಕಿದರೆ ಏನು ಲಾಭ? ಬ್ಲಾಕೂ 304 ಇರಲಿ ಎಂದೆ. ಮಾಮೂಲಿ ಗ್ರೀಸ್ ಬಿಸಿನೀರಿಗೆ ತೊಳೆದುಹೋಗುತ್ತದೆ. ಅದಕ್ಕೆ ಕ್ಯಾಲ್ಸಿಯಂ ಸಲ್ಫೊನೇಟ್ ಗ್ರೀಸ್ ತರಿಸಿದೆ. ನೀರಿಗೆ ಚೆನ್ನಾಗಿ ತಡೆಯುತ್ತದೆ. ಆಹಾರದ ಹತ್ತಿರ ಬಳಸಲು ಒಪ್ಪಿದ ಎಚ್1 ದರ್ಜೆಯಲ್ಲೂ ಸಿಗುತ್ತದೆ, ನಾವು ತಂದಿದ್ದು ಅದೇ.

ಇಲ್ಲೇ ಇನ್ನೊಂದು ಸೂಕ್ಷ್ಮ ಇದೆ. 304 ಶಾಫ್ಟ್ ಬಿಸಿಗೆ 440ಸಿ ರಿಂಗಿಗಿಂತ ಜಾಸ್ತಿ ಹಿಗ್ಗುತ್ತದೆ. 25 ಮಿ.ಮೀ. ಶಾಫ್ಟ್ 60 ಡಿಗ್ರಿ ಬಿಸಿ ಏರಿದರೆ ವ್ಯತ್ಯಾಸ ಸುಮಾರು 10 ಮೈಕ್ರಾನ್. ಮಾಮೂಲಿ 6205ರ ಒಳಗಿನ ಸಡಿಲವೇ 5ರಿಂದ 20 ಮೈಕ್ರಾನ್. ಶಾಫ್ಟ್ ಹಿಗ್ಗಿದಾಗ ಬಾಲ್‌ಗಳಿಗೆ ಆಡಲು ಜಾಗವೇ ಉಳಿಯದೆ ಹೋಗಬಹುದು. ಅದಕ್ಕೇ ಬಿಸಿ ತೊಳೆತ ಇರುವ ಕಡೆ ಒಳಗಿನ ಸಡಿಲ ಜಾಸ್ತಿ ಇರುವ ಸಿ3 ಕ್ಲಿಯರೆನ್ಸ್ ಬೇರಿಂಗ್ ಕೇಳಿ ತರುತ್ತೇನೆ. ಅದರಲ್ಲಿ ಸಡಿಲ 13ರಿಂದ 28 ಮೈಕ್ರಾನ್. ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ, ಬರೀ ಕೇಳಿ ತರಬೇಕು.

ತೊಳೆಯುವ ರೀತಿಯ ಬಗ್ಗೆ ನಾನು ಹಟ ಹಿಡಿದು ಹೇಳುತ್ತೇನೆ. ಓಡಿ ಬಿಸಿಯಾದ ಬೇರಿಂಗ್ ಮೇಲೆ ತಣ್ಣೀರು ಬಿಟ್ಟರೆ ಒಳಗಿನ ಗಾಳಿ ಕುಗ್ಗುತ್ತದೆ, ಸೀಲಿನ ಅಂಚಿನಿಂದ ಹೊರಗಿನ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಪ್ರೆಶರ್ ಪೈಪನ್ನು ನೇರ ಸೀಲಿಗೆ ಹಿಡಿದರೆ ಎಂಥ ಸೀಲೂ ನಿಲ್ಲದು. ಆರಲು ಬಿಟ್ಟು ತೊಳೆಯಿರಿ, ತೊಳೆದ ಮೇಲೆ ಸ್ವಲ್ಪ ಹೊತ್ತು ಖಾಲಿ ಓಡಿಸಿ. ಬ್ಲೀಚಿಂಗ್ ನೀರು ಹಾಕಿದ್ದರೆ ಸಿಹಿನೀರಲ್ಲಿ ಮತ್ತೊಮ್ಮೆ ತೊಳೆಯಲೇಬೇಕು, ಅದು 316ನ್ನೂ ಕೊರೆಯುತ್ತದೆ. ಗದಗ ಕಡೆ ಕೆಲವೆಡೆ ಬೋರ್‌ವೆಲ್ ನೀರೇ ಸವಳು. ಅಲ್ಲಿ ಕೊನೆಯ ತೊಳೆತಕ್ಕಾದರೂ ಬೇರೆ ನೀರು ಇಟ್ಟುಕೊಳ್ಳಿ ಎನ್ನುತ್ತೇನೆ.

ಪ್ಲೇಟಿಂಗ್ ಶೆಡ್‌ಗೆ ನಾನು ಸ್ಟೇನ್‌ಲೆಸ್ ಹೇಳುವುದೇ ಇಲ್ಲ. ಅಲ್ಲಿನ ಹೈಡ್ರೋಕ್ಲೋರಿಕ್ ಆಸಿಡ್ ಮುಂದೆ 316 ಕೂಡ ನಿಲ್ಲುವುದಿಲ್ಲ. ತೊಟ್ಟಿಯೊಳಗೆ ನಿಧಾನ ತಿರುಗುವ ಬ್ಯಾರೆಲ್‌ಗೆ ಪಾಲಿಪ್ರೊಪಿಲಿನ್ ಪ್ಲಾಸ್ಟಿಕ್‌ನ ಬುಷ್ (ಬಾಲ್ ಇಲ್ಲದ ಬರೀ ಕೊಳವೆ) ಸಾಕು. ಬೇರಿಂಗ್ ಬೇಕೇ ಬೇಕು ಅಂದರೆ ಶಾಫ್ಟ್ ಉದ್ದ ಮಾಡಿ, ಹೊಗೆ ತಾಗದ ಕಡೆ ಅದನ್ನು ಕೂರಿಸಿ.

ಕೂರಿಸುವಾಗ ಕಬ್ಬಿಣದ ಸುತ್ತಿಗೆ, ಕಬ್ಬಿಣದ ತಂತಿಯ ಬ್ರಷ್ ದೂರ ಇಡುತ್ತೇನೆ. ಅವುಗಳ ಕಣ ಸ್ಟೇನ್‌ಲೆಸ್ ಮೇಲೆ ಅಂಟಿ ಅಲ್ಲಿಂದಲೇ ಕೆಂಪು ಚುಕ್ಕೆ ಶುರುವಾಗುತ್ತದೆ. ಸ್ಟೇನ್‌ಲೆಸ್ ಬೇರಿಂಗನ್ನು ಮೈಲ್ಡ್ ಸ್ಟೀಲ್ ಶಾಫ್ಟ್ ಮೇಲೆ ಹಾಕಿದರೆ ಉಪ್ಪುನೀರಲ್ಲಿ ಶಾಫ್ಟ್ ಬೇಗ ತಿನ್ನಲ್ಪಡುತ್ತದೆ, ರಿಂಗ್ ಸಡಿಲವಾಗುತ್ತದೆ. ಅಂಥ ಕಡೆ ಶಾಫ್ಟನ್ನೂ ಬದಲಿಸಲು ಹೇಳುತ್ತೇನೆ.

ಬ್ಯಾಡಗಿಯ ಖಾರದಪುಡಿ ಗಿರಣಿಯವರು ಕೂಡ ಎಲ್ಲ ಬೇರಿಂಗ್ ಸ್ಟೇನ್‌ಲೆಸ್ ಮಾಡಿಕೊಡಿ ಎಂದು ಕೇಳಿದ್ದರು. ಅಲ್ಲಿ ನೀರಿಲ್ಲ, ಉಪ್ಪಿಲ್ಲ. ಇರುವುದು ಸಣ್ಣ ಧೂಳು ಮತ್ತು ಜಾಸ್ತಿ ಭಾರ. ಬೇಡ ಎಂದೆ. ಮಾಮೂಲಿ ಸ್ಟೀಲಿನದೇ ಬೇರಿಂಗ್, ಎರಡೂ ಕಡೆ ರಬ್ಬರ್ ಸೀಲ್, ಅದರ ಹೊರಗೆ ಧೂಳು ತಡೆಯುವ ಇನ್ನೊಂದು ಫೆಲ್ಟ್ ರಿಂಗ್ ಹಾಕಿ ಕೊಟ್ಟೆ. ಈ ಸುಗ್ಗಿಯಲ್ಲೂ ಅವೇ ಓಡುತ್ತಿವೆ.