ಹಾಲೆಂಡಿಗೆ ಹೊಸದಾಗಿ ಬಂದವರೇ, ಮೊದಲು ಕಾಲ ಕೆಳಗಿನ ಮಣ್ಣು ನೋಡಿ

ಬಂದ ಮೊದಲ ವರ್ಷ, ಚಳಿ ಇನ್ನೂ ಬಿಟ್ಟಿರುವುದಿಲ್ಲ, ಆಗ ಮನೆಗೊಂದು ಲಕೋಟೆ ಬರುತ್ತದೆ. ಇಷ್ಟು ನೂರು ಯೂರೋ ಕಟ್ಟಿ ಎಂದು ಒಳಗೆ ಕಾಗದ. ಹೊಸಬರು ಗಾಬರಿಯಾಗಿ ಫೋನ್ ಮಾಡುತ್ತಾರೆ. "ನೀರಿನ ಬಿಲ್ ಪ್ರತಿ ತಿಂಗಳು ಹೋಗ್ತಾನೇ ಇದೆ, ಇದ್ಯಾವುದು ಮತ್ತೆ? ಮೋಸದ ಕಾಗದನಾ?"

ಮೋಸ ಅಲ್ಲ, ಕಟ್ಟಿಬಿಡಿ. ಅದು ವಾಟರ್‌ಸ್ಖಾಪ್, ಅಂದರೆ ನೀರು ನೋಡಿಕೊಳ್ಳುವ ಮಂಡಳಿಯ ತೆರಿಗೆ. ನಲ್ಲಿಯಲ್ಲಿ ಬರುವ ನೀರಿಗೂ ಅದಕ್ಕೂ ಸಂಬಂಧವಿಲ್ಲ. ನಿಮ್ಮ ಬಚ್ಚಲಿನಿಂದ ಹೋದ ಕೊಳಚೆಯನ್ನು ಶುದ್ಧ ಮಾಡುವುದಕ್ಕೆ ಒಂದಿಷ್ಟು, ನೀವು ಮಲಗಿರುವ ಮನೆ ಮುಳುಗದ ಹಾಗೆ ಕಾಯುವುದಕ್ಕೆ ಇನ್ನೊಂದಿಷ್ಟು.

ನೋಂದಣಿ, ಬ್ಯಾಂಕು, ವಿಮೆ ಇವನ್ನೆಲ್ಲ ನಿಮ್ಮ ಆಫೀಸಿನವರೇ ಹೇಳಿಕೊಡುತ್ತಾರೆ. ಈ ದೇಶದ ಮಣ್ಣಿನ ಬಗ್ಗೆ ಮಾತ್ರ ಯಾರೂ ಹೇಳುವುದಿಲ್ಲ. ಹದಿನಾಲ್ಕು ವರ್ಷ ಇಲ್ಲಿದ್ದು ನನಗೆ ಅರ್ಥವಾಗಿದ್ದು ಇಷ್ಟು: ಇಲ್ಲಿ ನಿಮ್ಮ ಕೆಲಸ, ಮನೆ, ತೆರಿಗೆ, ಮಧ್ಯಾಹ್ನದ ಊಟ ಎಲ್ಲವೂ ಕಾಲ ಕೆಳಗೆ ಇರುವುದು ಜವುಗು ಮಣ್ಣೋ, ಜೇಡಿಯೋ, ಮರಳೋ ಎನ್ನುವುದರ ಮೇಲೆ ನಿಂತಿದೆ.

ದೇಶ ಸಣ್ಣದು, ಕರ್ನಾಟಕದ ಕಾಲು ಭಾಗವೂ ಇಲ್ಲ. ಅದರಲ್ಲಿ ಕಾಲು ಭಾಗದಷ್ಟು ನೆಲ ಸಮುದ್ರ ಮಟ್ಟಕ್ಕಿಂತ ಕೆಳಗೆ. ರೈನ್, ಮಾಸ್, ಸ್ಖೆಲ್ಡೆ ಮೂರೂ ನದಿಗಳು ಇಲ್ಲೇ ಬಂದು ಸಮುದ್ರ ಸೇರುತ್ತವೆ. ಅಂದರೆ ನೀರು ಎದುರಿನಿಂದಲೂ ಬರುತ್ತದೆ, ಬೆನ್ನ ಹಿಂದಿನಿಂದಲೂ ಬರುತ್ತದೆ.

ನನಗಿದು ತೀರ ಹೊಸದೇನಲ್ಲ. ನಮ್ಮ ಊರು ಕುಮಟಾ ಹತ್ತಿರ, ಅಘನಾಶಿನಿ ದಂಡೆ. ಅಲ್ಲಿ ಗಜನಿ ಗದ್ದೆಗಳಿವೆ. ಉಪ್ಪುನೀರು ಒಳಗೆ ನುಗ್ಗದ ಹಾಗೆ ಒಡ್ಡು, ಒಡ್ಡಿನಲ್ಲಿ ಮರದ ಬಾಗಿಲು. ಉಬ್ಬರ ಬಂದಾಗ ಬಾಗಿಲು ಹಾಕಬೇಕು, ಇಳಿತದಲ್ಲಿ ತೆಗೆದು ಒಳಗಿನ ನೀರು ಬಿಡಬೇಕು. ಮಳೆಗಾಲದಲ್ಲಿ ಕಗ್ಗ ಭತ್ತ, ಕೊಯ್ಲಾದ ಮೇಲೆ ಸಿಗಡಿ, ಮೀನು. ಅಪ್ಪ ಇಲ್ಲಿಗೆ ಬಂದಾಗ ಒಂದು ಡೈಕ್ ಮೇಲೆ ಕರೆದುಕೊಂಡು ಹೋಗಿದ್ದೆ. ಡೈಕ್ ಅಂದರೆ ಒಡ್ಡೇ. ಎಡಗಡೆ ಕಾಲುವೆಯಲ್ಲಿ ದೋಣಿ ಹೋಗುತ್ತಿದೆ, ಬಲಗಡೆ ಎರಡಾಳು ಕೆಳಗೆ ಹಸು ಮೇಯುತ್ತಿದೆ. ಅಪ್ಪ ಸುಮಾರು ಹೊತ್ತು ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಬಾಗಿಲು ಮುಚ್ಚೂದು ಯಾರು?"

ಅದಕ್ಕೆ ಉತ್ತರವೇ ವಾಟರ್‌ಸ್ಖಾಪ್. ಸರ್ಕಾರ ಅನ್ನುವುದು ಸರಿಯಾಗಿ ಹುಟ್ಟುವ ಮುಂಚೆಯೇ ಇಲ್ಲಿನ ರೈತರು ಸೇರಿ ನೀರು ನೋಡಿಕೊಳ್ಳುವ ಮಂಡಳಿ ಮಾಡಿಕೊಂಡಿದ್ದರು. ಲೈಡೆನ್ ಸುತ್ತಮುತ್ತಲಿನ ರೈನ್‌ಲ್ಯಾಂಡ್ ಮಂಡಳಿಗೆ 1255ರಲ್ಲೇ ದೊರೆಯ ಮಾನ್ಯತೆ ಸಿಕ್ಕಿತ್ತು. ಅದು ಇವತ್ತಿಗೂ ಕೆಲಸ ಮಾಡುತ್ತಿದೆ. ಈಗ ದೇಶದಲ್ಲಿ ಇಂಥ 21 ಮಂಡಳಿಗಳಿವೆ. ಅವಕ್ಕೆ ಅವುಗಳದ್ದೇ ತೆರಿಗೆ, ಅವುಗಳದ್ದೇ ಚುನಾವಣೆ. ಇದನ್ನು ಗಮನವಿಟ್ಟು ಓದಿ: ಭಾರತದ ಪಾಸ್‌ಪೋರ್ಟ್ ಇದ್ದರೂ, ಸರಿಯಾದ ನಿವಾಸ ಪರವಾನಗಿ ಇರುವ ವಯಸ್ಕರು ಈ ಚುನಾವಣೆಯಲ್ಲಿ ಮತ ಹಾಕಬಹುದು. ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ, ಕಳೆದ ಸಲ 2023ರ ಮಾರ್ಚಿನಲ್ಲಿ ಆಯಿತು. ತೆರಿಗೆ ಕಟ್ಟುತ್ತೀರಿ, ಮತವನ್ನೂ ಹಾಕಿ.

ಬಾಗಿಲು ಮುಚ್ಚದಿದ್ದರೆ ಏನಾಗುತ್ತದೆ ಎಂದು ಇಲ್ಲಿನ ಹಿರಿಯರಿಗೆ ಗೊತ್ತು. 1953ರ ಜನವರಿ 31ರ ರಾತ್ರಿ ಬಿರುಗಾಳಿಗೆ ನೈಋತ್ಯ ಭಾಗದ ಒಡ್ಡುಗಳು ಒಡೆದು 1836 ಜನ ಸತ್ತರು. ಆಮೇಲೆ ಕಟ್ಟಿದ್ದು ಡೆಲ್ಟಾ ಯೋಜನೆ. ಅದರ ಕೊನೆಯ ದೊಡ್ಡ ಕೆಲಸ ರೋಟರ್‌ಡ್ಯಾಮ್ ಬಳಿಯ ಮಾಸ್‌ಲಾಂಟ್ ತಡೆಗೇಟು, 1997ರದ್ದು. ಎರಡು ರೆಕ್ಕೆಗಳು, ಒಂದೊಂದೂ ಐಫೆಲ್ ಗೋಪುರದಷ್ಟು ಉದ್ದ ಅಂತಾರೆ. 2023ರ ಡಿಸೆಂಬರ್ ಬಿರುಗಾಳಿಗೆ ಅದು ತಾನಾಗಿಯೇ ಮುಚ್ಚಿಕೊಂಡಿತು. ವರ್ಷಕ್ಕೊಮ್ಮೆ ಪರೀಕ್ಷೆಗೆಂದು ಮುಚ್ಚುತ್ತಾರೆ, ಜನ ಬುತ್ತಿ ಕಟ್ಟಿಕೊಂಡು ನೋಡಲು ಹೋಗುತ್ತಾರೆ. ನೀವೂ ಹೋಗಿ.

ಈಗ ಮಣ್ಣಿಗೆ ಬರೋಣ. ಪಶ್ಚಿಮದಲ್ಲಿ ಜಾಸ್ತಿ ಇರುವುದು ವೇನ್. ಜವುಗಿನಲ್ಲಿ ಸಾವಿರಾರು ವರ್ಷ ಗಿಡಗಂಟಿ ಕೊಳೆತು ಆದ ಕಪ್ಪು, ಸ್ಪಂಜಿನಂಥ ಮಣ್ಣು. ಆಮ್‌ಸ್ಟೆಲ್‌ವೇನ್ ಹೆಸರಿನಲ್ಲಿರುವುದು ಇದೇ ವೇನ್. ನಮ್ಮವರೆಲ್ಲ ಬಾಡಿಗೆ ಹಿಡಿಯುವ ಊರು! ಈ ಮಣ್ಣಿನ ಗುಣ ವಿಚಿತ್ರ. ನೀರು ಬಸಿದರೆ ಉಳಬಹುದು. ಆದರೆ ಬಸಿದಂತೆಲ್ಲ ಒಣಗಿ, ಕುಗ್ಗಿ, ನೆಲ ಕೆಳಗಿಳಿಯುತ್ತದೆ. ಇಳಿದರೆ ಮತ್ತೆ ನೀರು ನಿಲ್ಲುತ್ತದೆ. ಮತ್ತೆ ಬಸಿಯಬೇಕು, ಮತ್ತೆ ಇಳಿಯುತ್ತದೆ. ಹೀಗೆ ಕೆಲವು ನೂರು ವರ್ಷದಲ್ಲಿ ಗೋಧಿ ಬೆಳೆಯುತ್ತಿದ್ದ ಹೊಲ ಹುಲ್ಲಿಗೆ ಮಾತ್ರ ಲಾಯಕ್ಕಾಯಿತು. ಹುಲ್ಲಿದ್ದರೆ ಹಸು, ಹಸುವಿದ್ದರೆ ಬೆಣ್ಣೆ, ಚೀಸ್. ಖೌಡಾ ಚೀಸ್ ಬಂದಿದ್ದು ಹೀಗೆ. (ಗೌಡ ಅನ್ನಬೇಡಿ, ನಗುತ್ತಾರೆ.) ಆಫೀಸಿನಲ್ಲಿ ಮಧ್ಯಾಹ್ನ ಎಲ್ಲರೂ ಎರಡು ಬ್ರೆಡ್ಡಿನ ನಡುವೆ ಒಂದು ಚೀಸ್ ತುಂಡಿಟ್ಟು ತಣ್ಣಗೆ ತಿನ್ನುತ್ತಾರಲ್ಲ, ಅದರಲ್ಲಿ ಈ ಮಣ್ಣಿನ ಪಾಲೂ ಇದೆ. ಹಾಗಂತ ಕ್ಷಮಿಸಬೇಕಿಲ್ಲ, ಡಬ್ಬಿ ಒಯ್ಯಿರಿ.

ಆದರೆ ಬರೀ ಚೀಸ್ ತಿಂದು ಬದುಕಲಾಗದು. ಕಾಳು ಬೇಕು. ಅದನ್ನು ಬಾಲ್ಟಿಕ್ ಸಮುದ್ರದ ಊರುಗಳಿಂದ ಹಡಗಿನಲ್ಲಿ ತರಬೇಕಾಯಿತು. ಅದಕ್ಕೆ ಹಡಗು ಬೇಕು, ಉಗ್ರಾಣ ಬೇಕು, ಸಾಲ ಕೊಡುವವರು ಬೇಕು. ಆಮ್‌ಸ್ಟರ್‌ಡ್ಯಾಮ್ ಬೆಳೆದಿದ್ದು ಈ ವ್ಯಾಪಾರದಿಂದ. 1602ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಶುರುವಾಗುವ ಹೊತ್ತಿಗೆ ದೂರದ ಸಮುದ್ರಕ್ಕೆ ಹೋಗುವ ಕಲೆ, ದುಡ್ಡು ಎರಡೂ ಕೈಯಲ್ಲಿತ್ತು. ಅದೇ ಜನ ಕೆಳದಿ ಅರಸರ ಕಾಲದಲ್ಲಿ ನಮ್ಮ ಬಸ್ರೂರಿಗೂ ಬಂದು ಅಕ್ಕಿ, ಕಾಳುಮೆಣಸು ಕೊಂಡರು.

ವೇನ್ ಮಣ್ಣನ್ನು ಒಣಗಿಸಿದರೆ ಉರಿಯುತ್ತದೆ, ಬೆರಣಿಯ ಹಾಗೆ. ನಗರಗಳ ಒಲೆಗೆಂದು ಅಗೆದು ಅಗೆದು ಹೊಂಡಗಳಾದವು, ಹೊಂಡಗಳು ಕೆರೆಗಳಾದವು, ಗಾಳಿಗೆ ಕೆರೆಗಳ ದಂಡೆ ಕುಸಿದು ದೊಡ್ಡದಾದವು. ಹಾರ್ಲೆಮ್ ಬಳಿಯ ಕೆರೆಯಂತೂ ಆಮ್‌ಸ್ಟರ್‌ಡ್ಯಾಮನ್ನೇ ಹೆದರಿಸುವಷ್ಟು ಬೆಳೆಯಿತು. ಕೊನೆಗೆ ಮೂರು ಉಗಿಯಂತ್ರ ಹಚ್ಚಿ 1852ರಲ್ಲಿ ಬರಿದು ಮಾಡಿದರು. ನೀವು ಬಂದಿಳಿದ ಸ್ಕಿಪೋಲ್ ವಿಮಾನ ನಿಲ್ದಾಣ ಇರುವುದು ಆ ಕೆರೆಯ ತಳದಲ್ಲಿ. ಮೂರರಲ್ಲಿ ಒಂದು ಯಂತ್ರ, ಕ್ರೂಕಿಯುಸ್, ಈಗ ಮ್ಯೂಸಿಯಂ. ಮಕ್ಕಳಿಗೆ ತೋರಿಸಿ.

ಇದರಲ್ಲಿ ನಿಮಗೇನು ಅಂದರೆ, ಮನೆ ಕೊಳ್ಳುವಾಗ ಬೇಕಾಗುತ್ತದೆ. ಮೆತ್ತಗಿನ ಮಣ್ಣಿನಲ್ಲಿ ಮನೆ ನಿಲ್ಲಬೇಕಾದರೆ ಕೆಳಗಿನ ಗಟ್ಟಿ ಮರಳಿನವರೆಗೂ ಕಂಬ ಹೊಡೆಯಬೇಕು. ಆಮ್‌ಸ್ಟರ್‌ಡ್ಯಾಮ್‌ನ ಡ್ಯಾಮ್ ಚೌಕದ ಅರಮನೆ ನಿಂತಿರುವುದು 13,659 ಮರದ ಕಂಬಗಳ ಮೇಲೆ. ಮರ ಪೂರ್ತಿ ನೀರಿನೊಳಗಿದ್ದರೆ ಕೊಳೆಯುವುದಿಲ್ಲ. ಅಂತರ್ಜಲ ಇಳಿದು ಕಂಬದ ತಲೆಗೆ ಗಾಳಿ ತಾಗಿತೋ, ಕೊಳೆಯುತ್ತದೆ. ಖೌಡಾ, ಜಾಂಡಾಮ್, ರೋಟರ್‌ಡ್ಯಾಮ್‌ನ ಹಳೆ ಬೀದಿಗಳಲ್ಲಿ ಈ ತಲೆನೋವು ಬಹಳ. ಸ್ನೇಹಿತೆಯೊಬ್ಬಳ ಜೊತೆ ಖೌಡಾದಲ್ಲಿ ಮನೆ ನೋಡಲು ಹೋಗಿದ್ದೆ. ಹೊಸ ಅಡುಗೆಮನೆ, ಹೊಸ ಬಣ್ಣ. ಏಜೆಂಟ್ ಬೆಳಕು ಎಷ್ಟು ಚೆನ್ನಾಗಿ ಬರುತ್ತದೆ ನೋಡಿ ಅಂತಿದ್ದ. ಅವಳ ಮಗ ಜೇಬಿನಿಂದ ಗೋಲಿ ತೆಗೆದು ನೆಲಕ್ಕಿಟ್ಟ. ಅದು ನಿಧಾನಕ್ಕೆ ಹೊರಟು, ಹಿತ್ತಲ ಬಾಗಿಲಿಗೆ ಬಡಿದು ನಿಂತಿತು. ಏಜೆಂಟ್ ಆಮೇಲೆ ಬೆಳಕಿನ ಮಾತೆತ್ತಲಿಲ್ಲ.

ಹಾಗಾಗಿ ಹಳೆ ಮನೆಯಾದರೆ "ಫುಂಡೇರಿಂಗ್ ಹೇಗಿದೆ" ಎಂದು ಮೊದಲು ಕೇಳಿ. ಅಡಿಪಾಯ ಅಂತ ಅರ್ಥ. ಮರದ ಕಂಬವೋ, ಕಾಂಕ್ರೀಟೋ? ಪರೀಕ್ಷೆಯ ವರದಿ ಇದೆಯೋ? ಬಾಯಿಮಾತು ಬೇಡ, ಕಾಗದ ಕೇಳಿ. ರಿಪೇರಿಗೆ ಹತ್ತಾರು ಸಾವಿರ ಯೂರೋ ಹೋಗುತ್ತದೆ. ಮನೆ ವಿಮೆಯಲ್ಲಿ ಪ್ರವಾಹದ ಷರತ್ತನ್ನೂ ಓದಿ. ಎತ್ತರದ ಜಾಗ ಅಂತ ನಿಶ್ಚಿಂತೆ ಬೇಡ. 2021ರ ಜುಲೈಯಲ್ಲಿ ಮುಳುಗಿದ್ದು ಗುಡ್ಡಗಳಿರುವ ಲಿಂಬರ್ಗ್‌ನ ಫಾಲ್ಕನ್‌ಬರ್ಗ್, ಸಮುದ್ರದ ಪಕ್ಕದ ಊರಲ್ಲ.

ಐಂಡ್‌ಹೋವೆನ್ ಕಡೆ ಕೆಲಸ ಸಿಕ್ಕವರಿಗೆ ಈ ಕಂಬದ ಚಿಂತೆ ಕಡಿಮೆ. ಆ ಕಡೆಯ ಬ್ರಾಬಂಟ್ ಪ್ರಾಂತ್ಯ ಬಹುಪಾಲು ಮರಳು ನೆಲ, ಸಮುದ್ರಕ್ಕಿಂತ ಮೇಲಿದೆ. ಅದು ಸಾರವಿಲ್ಲದ ಮಣ್ಣು, ಬೇಸಾಯದಲ್ಲಿ ಹೊಟ್ಟೆ ತುಂಬುತ್ತಿರಲಿಲ್ಲ. ಜನ ಕಡಿಮೆ ಕೂಲಿಗೆ ಸಿಗಾರ್, ಬೆಂಕಿಕಡ್ಡಿ, ಬಟ್ಟೆ ಕಾರ್ಖಾನೆಗಳಿಗೆ ಹೋಗುತ್ತಿದ್ದರು. 1891ರಲ್ಲಿ ಫಿಲಿಪ್ಸ್ ಬಲ್ಬ್ ಮಾಡಲು ಅಲ್ಲಿಗೇ ಬಂದಿದ್ದಕ್ಕೆ ಅಗ್ಗದ ಕೂಲಿಯೂ ಒಂದು ಕಾರಣ. ಅದೇ ಫಿಲಿಪ್ಸ್ ಪಾಲುದಾರಿಕೆಯಲ್ಲಿ 1984ರಲ್ಲಿ ಎಎಸ್‌ಎಂಎಲ್ ಹುಟ್ಟಿತು. ಇವತ್ತು ಅದರ ಚಿಪ್ ಯಂತ್ರಗಳಿಗೆ ಜಗತ್ತೇ ಸಾಲು ನಿಂತಿದೆ. ಬೆಂಗಳೂರಿನಿಂದ ನೀವು ಅದರ ಊರು ವೆಲ್ಡ್‌ಹೋವೆನ್‌ಗೆ ಬಂದಿದ್ದರ ಬುಡದಲ್ಲಿ ಆಲೂಗಡ್ಡೆಯನ್ನೂ ಸರಿಯಾಗಿ ಬೆಳೆಯದ ಮರಳಿದೆ ಅಂದರೆ ಸಹೋದ್ಯೋಗಿಗಳು ನಗಬಹುದು. ಸ್ವಲ್ಪ ಎಳೆದು ಹೇಳಿದ್ದೇನೆ, ಪೂರ್ತಿ ಸುಳ್ಳಲ್ಲ.

ಇಲ್ಲಿನ ಮೀಟಿಂಗುಗಳ ಬಗ್ಗೆಯೂ ಇಂಥದೇ ಮಾತಿದೆ. ಒಡ್ಡು ಎಲ್ಲರದ್ದು, ಅದಕ್ಕೇ ಎಲ್ಲರನ್ನೂ ಒಪ್ಪಿಸಿಯೇ ಮುಂದೆ ಹೋಗುವ ಅಭ್ಯಾಸ ಬಂತು ಅಂತಾರೆ. ಪೋಲ್ಡರ್ ಪದ್ಧತಿ ಅಂತ ಹೆಸರೂ ಇದೆ; ಪೋಲ್ಡರ್ ಅಂದರೆ ಒಡ್ಡು ಕಟ್ಟಿ ನೀರು ಬಸಿದ ನೆಲ. ನನಗೆ ಪೂರ್ತಿ ನಂಬಿಕೆಯಿಲ್ಲ. ಒಡ್ಡು ಒಡೆದಾಗ ಯಾರೂ ನಾಲ್ಕು ವಾರ ಚರ್ಚೆ ಮಾಡುವುದಿಲ್ಲ ಅಲ್ವಾ? ಆದರೂ ಬಾಸ್ ಹೇಳಿದ ಮೇಲೂ ಜೂನಿಯರ್ ಒಬ್ಬ "ನಾನು ಒಪ್ಪುವುದಿಲ್ಲ" ಅಂದರೆ ಕಕ್ಕಾಬಿಕ್ಕಿಯಾಗಬೇಡಿ. ನಿಮ್ಮನ್ನೂ ಕೇಳುತ್ತಾರೆ, ಆಗ ಸುಮ್ನೆ ತಲೆಯಾಡಿಸಬೇಡಿ.

ಗಾಳಿಯ ಬಗ್ಗೆ ಒಂದೇ ಮಾತು: ಹೆಚ್ಚುಕಡಿಮೆ ಗುಡ್ಡವೇ ಇಲ್ಲದ ದೇಶ, ಸಮುದ್ರದ ಗಾಳಿಯನ್ನು ತಡೆಯುವವರಿಲ್ಲ. ಛತ್ರಿಗೆ ದುಡ್ಡು ಹಾಕಬೇಡಿ, ಒಳ್ಳೆ ಮಳೆ ಜಾಕೆಟ್ ಮತ್ತು ಪ್ಯಾಂಟ್ ತೆಗೆದುಕೊಳ್ಳಿ.

ಮಕ್ಕಳಿದ್ದವರು ಈ ವಾರವೇ ಮಾಡಬೇಕಾದ ಕೆಲಸ ಒಂದಿದೆ. ಹತ್ತಿರದ ಈಜುಕೊಳಕ್ಕೆ ಫೋನ್ ಮಾಡಿ ಹೆಸರು ಬರೆಸಿ. ಕಾಯುವ ಪಟ್ಟಿ ಹಲವು ಕಡೆ ಉದ್ದವಿರುತ್ತದೆ. ಮನೆಯೆದುರು, ಶಾಲೆ ದಾರಿಯಲ್ಲಿ, ಆಟದ ಮೈದಾನದ ಪಕ್ಕ, ಎಲ್ಲೆಲ್ಲೂ ಕಾಲುವೆ. ಹಲವೆಡೆ ಬೇಲಿಯೂ ಇಲ್ಲ. ಅದಕ್ಕೇ ಇಲ್ಲಿನ ಮಕ್ಕಳು ಈಜಿನಲ್ಲಿ ಎ, ಬಿ, ಸಿ ಎಂದು ಡಿಪ್ಲೊಮಾ ಮಾಡುತ್ತಾರೆ. ಎ ಪರೀಕ್ಷೆಯ ದಿನ ಮಗಳು ಅಂಗಿ, ಪ್ಯಾಂಟು, ಶೂ ಸಮೇತ ನೀರಿಗೆ ಹಾರಿದಳು. ಕಾಲುವೆಗೆ ಬೀಳುವ ಮಗು ಈಜುಡುಗೆ ಹಾಕಿಕೊಂಡು ಬೀಳುವುದಿಲ್ಲವಲ್ಲ. ಆಮೇಲೆ ನೀರೊಳಗೆ ಇಳಿಬಿಟ್ಟ ಪರದೆಯ ತೂತಿನಲ್ಲಿ ನುಸುಳಿ ಆಚೆ ತಲೆಯೆತ್ತಬೇಕು. ಆ ನಾಲ್ಕು ಸೆಕೆಂಡು ನಾನು ಗಾಜಿನ ಈಚೆ ಉಸಿರು ಬಿಗಿಹಿಡಿದು ನಿಂತಿದ್ದೆ.

ಹೊಳೆ ದಂಡೆಯಲ್ಲಿ ಬೆಳೆದರೂ ಹೆಣ್ಣುಮಕ್ಕಳಿಗೆ ಈಜು ಕಲಿಸುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ. ಮರುವಾರ ಹೋಗಿ ದೊಡ್ಡವರ ತರಗತಿಗೆ ನನ್ನ ಹೆಸರನ್ನೂ ಬರೆಸಿದೆ. ಆಗ ನನಗೆ ನಲವತ್ತೊಂದು.