ಲಕ್ಷದ ಲೆಕ್ಕ, ನಾನೂರು ಪಿಕ್ಸೆಲ್‌ನ ಜಾಗ

ಕಲಬುರಗಿಯ ತೊಗರಿ ವ್ಯಾಪಾರಿಯೊಬ್ಬರಿಗೆ ಸಿ ಶಾರ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದುಕೊಟ್ಟ ಲೆಕ್ಕದ ತಂತ್ರಾಂಶದಲ್ಲಿ ದಿನದ ವಹಿವಾಟಿನ ಗ್ರಾಫ್ ಬೇಕಿತ್ತು. ಮೊತ್ತವನ್ನೇ ನೇರವಾಗಿ ನಿರ್ದೇಶಾಂಕವಾಗಿ ಕೊಟ್ಟರೆ ಗೆರೆ ಕಿಟಕಿಯಾಚೆ ಎಲ್ಲೋ ಹೋಗುತ್ತದೆ. "ಸಾಹೇಬರೇ, ಗೆರೆ ಎಲ್ಲಿದೆ?" ಎಂದು ಅವರು ಕೇಳಿದ್ದು ನ್ಯಾಯವೇ.

ಪರಿಹಾರ ಅನುಪಾತದಲ್ಲಿದೆ. ಗ್ರಾಫ್ ಬಿಡಿಸುವ ಫಲಕದ ಎತ್ತರ 400 ಪಿಕ್ಸೆಲ್, ಮೇಲೆ ಕೆಳಗೆ ಅಂಚು ತಲಾ 40, ಉಳಿಯುವುದು 320. ಅಕ್ಷ ಸೊನ್ನೆಯಿಂದ 20 ಲಕ್ಷದವರೆಗೆ ಎಂದಿಟ್ಟುಕೊಳ್ಳಿ. ವಹಿವಾಟು 9,20,000 ಆದರೆ ಅದನ್ನು 20 ಲಕ್ಷದಿಂದ ಭಾಗಿಸಿ 320ರಿಂದ ಗುಣಿಸಿದರೆ 147.2. ಪರದೆಯಲ್ಲಿ ವೈ ಅಕ್ಷ ಮೇಲಿನಿಂದ ಕೆಳಕ್ಕೆ ಬೆಳೆಯುವುದರಿಂದ ಇದನ್ನು ಕೆಳಗಿನ ಅಂಚು ಬಿಟ್ಟು ಉಳಿಯುವ 360ರಿಂದ ಕಳೆಯಬೇಕು: 212.8.

ಕಾಟ ಕೊಡುವುದು ದತ್ತಾಂಶದ ಬಗೆ (ಡೇಟಾ ಟೈಪ್). ಮೊತ್ತ, ಅಕ್ಷದ ಮಿತಿ ಎರಡೂ ಇಂಟ್, ಅಂದರೆ ಪೂರ್ಣಾಂಕ ಆಗಿದ್ದರೆ ಮೊದಲು ಭಾಗಿಸಿದಾಗ ಉತ್ತರ ಸೊನ್ನೆ, ಗೆರೆ ತಳಕ್ಕೆ ಅಂಟಿಕೊಳ್ಳುತ್ತದೆ. ಮೊದಲು ಗುಣಿಸಿದರೆ ಸಾಕಲ್ಲ ಎನ್ನಬಹುದು. ಆದರೆ ಮೊತ್ತವನ್ನು ಪೈಸೆಯಲ್ಲಿ ಇಟ್ಟಿದ್ದರೆ 9,20,00,000 ಗುಣಿಸು 320 ಎಂಬುದು ಇಂಟ್‌ನ ಮಿತಿಯಾದ 2,14,74,83,647 ಅನ್ನು ಎಲ್ಲೋ ದಾಟಿರುತ್ತದೆ. ದೋಷದ ಸಂದೇಶವೂ ಇಲ್ಲದೆ ತಪ್ಪು ಸಂಖ್ಯೆ ಬರುತ್ತದೆ. ದಶಮಾಂಶ ಭಾಗವನ್ನೂ ಹಿಡಿದಿಡುವ ಡಬಲ್‌ಗೆ ಬದಲಿಸಿ, ಚಿತ್ರಿಸುವ ಗಳಿಗೆಯಲ್ಲಿ ಮಾತ್ರ ಅದರ ಚಿಕ್ಕ ರೂಪವಾದ ಫ್ಲೋಟ್ ಮಾಡಿದೆ.

ಇಡೀ ಚಿತ್ರವನ್ನೇ ಹಿಗ್ಗಿಸುವ, ಕುಗ್ಗಿಸುವ ಸ್ಕೇಲ್‌ಟ್ರಾನ್ಸ್‌ಫಾರ್ಮ್ ಎಂಬ ಸಿದ್ಧ ಆಜ್ಞೆ ಬಳಸುವ ಆಸೆ ಎಲ್ಲರಿಗೂ ಬರುತ್ತದೆ. ನನಗದು ಹಿಡಿಸಲಿಲ್ಲ: ಪೆನ್ನಿನ ದಪ್ಪವೂ ಅದರೊಂದಿಗೆ ಬದಲಾಗುತ್ತದೆ, ವೈ ತಿರುಗಿಸಿದರೆ ಅಕ್ಷರಗಳೂ ತಲೆಕೆಳಗಾಗುತ್ತವೆ. ಅಕ್ಷವನ್ನು ಸೊನ್ನೆಯ ಬದಲು ಕನಿಷ್ಠ ಮೊತ್ತದಿಂದ ಗರಿಷ್ಠದವರೆಗೆ ಇಟ್ಟರೆ ಭಾಗಿಸಬೇಕಾದದ್ದು ಅವುಗಳ ವ್ಯತ್ಯಾಸದಿಂದ; ಎರಡೂ ಒಂದೇ ಆದ ದಿನಗಳಿಗೆ ಬೇರೆ ಷರತ್ತು ಹಾಕಿ, ವ್ಯತ್ಯಾಸವನ್ನು 1 ಎಂದುಕೊಂಡರೆ ಸೊನ್ನೆಯಿಂದ ಭಾಗಿಸುವ ತಾಪತ್ರಯವೂ ಇಲ್ಲ.