ಲಿನಕ್ಸ್‌ನಲ್ಲಿ ವೈಫೈ ಬರ್ತಿಲ್ವಾ? ಮೊದಲು ವಿಂಡೋಸ್ ಪೂರ್ತಿ ಆಫ್ ಆಗಿದೆಯಾ ನೋಡಿ

ಒಂದೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಮತ್ತು ಉಬುಂಟು (ಲಿನಕ್ಸ್‌ನ ಒಂದು ಬಗೆ) ಎರಡನ್ನೂ ಹಾಕಿಕೊಂಡವರಿಗೆ ಈ ತಲೆನೋವು ಗೊತ್ತಿರುತ್ತದೆ. ವಿಂಡೋಸ್‌ನಲ್ಲಿ ವೈಫೈ ಚೆನ್ನಾಗಿ ಬರುತ್ತದೆ. ಉಬುಂಟುಗೆ ಹೋದರೆ ವೈಫೈ ಅಡಾಪ್ಟರೇ ಇಲ್ಲ ಎನ್ನುತ್ತದೆ. ತುಂಬಾ ಜನ ತಕ್ಷಣ ಡ್ರೈವರ್ (ಅಡಾಪ್ಟರನ್ನು ನಡೆಸುವ ಸಾಫ್ಟ್‌ವೇರ್) ಹುಡುಕಲು ಕೂತು, ಕಣ್ಣಿಗೆ ಬಿದ್ದ ಕಮಾಂಡನ್ನೆಲ್ಲ ಟರ್ಮಿನಲ್‌ಗೆ ಪೇಸ್ಟ್ ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸರಿಯಿದ್ದದ್ದೂ ಕೆಡುತ್ತದೆ.

ವಿಂಡೋಸ್ 8ರಿಂದ ಈಚೆಗೆ ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ. ‘ಫಾಸ್ಟ್ ಸ್ಟಾರ್ಟಪ್’ ಆನ್ ಇದ್ದರೆ ಅದು ತನ್ನ ಕರ್ನಲ್ (ಸಿಸ್ಟಮ್‌ನ ತಿರುಳು ಭಾಗ) ಇದ್ದ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಬರೆದಿಟ್ಟು ಮಲಗುತ್ತದೆ, ಮುಂದಿನ ಸಲ ಬೇಗ ಏಳಲಿ ಅಂತ. ಆಗ ಕೆಲವು ವೈಫೈ ಕಾರ್ಡ್‌ಗಳು ವಿಂಡೋಸ್ ಬಿಟ್ಟುಹೋದ ಸ್ಥಿತಿಯಲ್ಲೇ ಉಳಿಯುತ್ತವೆ. ಲಿನಕ್ಸ್ ಎಬ್ಬಿಸಿದರೂ ಏಳುವುದಿಲ್ಲ.

ಇದನ್ನು ಪರೀಕ್ಷಿಸುವುದು ಸುಲಭ. ವಿಂಡೋಸ್‌ನಲ್ಲಿ ಶಟ್‌ಡೌನ್ ಬದಲು ರೀಸ್ಟಾರ್ಟ್ ಕೊಡಿ. ರೀಸ್ಟಾರ್ಟ್ ಮಾಡಿದಾಗ ಫಾಸ್ಟ್ ಸ್ಟಾರ್ಟಪ್ ಬಳಕೆಯಾಗುವುದಿಲ್ಲ. ಬೂಟ್ ಮೆನುವಿನಲ್ಲಿ ಉಬುಂಟು ಆರಿಸಿ. ಈಗ ವೈಫೈ ಬಂತಾ? ಹಾಗಾದರೆ ಡ್ರೈವರ್ ಸರಿಯಾಗಿಯೇ ಇದೆ. ಮತ್ತೆ ವಿಂಡೋಸ್‌ಗೆ ಹೋಗಿ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್ ತೆರೆಯಿರಿ. ಪವರ್ ಬಟನ್ ಏನು ಮಾಡಬೇಕು ಎಂದು ಆರಿಸುವ ಲಿಂಕ್ ಎಡಗಡೆ ಇರುತ್ತದೆ. ಅದರೊಳಗೆ ಫಾಸ್ಟ್ ಸ್ಟಾರ್ಟಪ್ ಎದುರಿನ ಟಿಕ್ ತೆಗೆದು ಸೇವ್ ಮಾಡಿ. ಟಿಕ್ ಮಸುಕಾಗಿದ್ದರೆ, ಮೇಲಿರುವ ‘ಚೇಂಜ್ ಸೆಟ್ಟಿಂಗ್ಸ್’ ಲಿಂಕ್ ಮೊದಲು ಒತ್ತಬೇಕು. ವಿಂಡೋಸ್ ಆನ್ ಆಗಲು ಸ್ವಲ್ಪ ಜಾಸ್ತಿ ಹೊತ್ತು ಹಿಡಿಯಬಹುದು, ಅಷ್ಟೇ. ವಿಂಡೋಸ್ ಡ್ರೈವ್‌ನ ಫೈಲ್‌ಗಳನ್ನು ಲಿನಕ್ಸ್‌ನಿಂದ ತಿದ್ದಲು ಆಗದಿದ್ದವರಿಗೆ ಆ ತೊಂದರೆಯೂ ಇದರಿಂದಲೇ ತಪ್ಪಬಹುದು.

ಆಗಲೂ ಬರಲಿಲ್ಲ ಎಂದರೆ ಏರೋಪ್ಲೇನ್ ಮೋಡ್ ಮತ್ತು ಕೀಬೋರ್ಡ್‌ನ ವೈಫೈ ಕೀ ಒಮ್ಮೆ ನೋಡಿ. ಎರಡೂ ಸರಿಯಿದ್ದರೆ ಚಿಪ್ ಯಾವುದೆಂದು ತಿಳಿಯಬೇಕು. ಟರ್ಮಿನಲ್ ತೆರೆದು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ‘ಎಲ್‌ಎಸ್‌ಪಿಸಿಐ’ ಎಂದು ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು, ಹೈಫನ್ ಹಾಕಿ ‘ಎನ್‌ಎನ್‌ಕೆ’ ಸೇರಿಸಿ ಎಂಟರ್ ಒತ್ತಿ. ನೆಟ್‌ವರ್ಕ್ ಕಂಟ್ರೋಲರ್ ಎಂಬ ಸಾಲಿನ ಕೊನೆಯ ಕಡೆ ಚೌಕ ಕಂಸದೊಳಗೆ ಕಂಪನಿಯ ಕೋಡ್ ಇರುತ್ತದೆ. 8086 ಇದ್ದರೆ ಇಂಟೆಲ್, 14ಇ4 ಇದ್ದರೆ ಬ್ರಾಡ್‌ಕಾಮ್, 10ಇಸಿ ಇದ್ದರೆ ರಿಯಲ್‌ಟೆಕ್. ಅದರ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂಬ ಸಾಲು ಇಲ್ಲದಿದ್ದರೆ ಆ ಕಾರ್ಡ್‌ಗೆ ಡ್ರೈವರ್ ಕೂತಿಲ್ಲ ಎಂದರ್ಥ.

ಇಂಟೆಲ್ ಕಾರ್ಡ್‌ಗೆ ಡ್ರೈವರ್ ಕರ್ನಲ್ ಜೊತೆಗೇ ಬರುತ್ತದೆ. ಲ್ಯಾಪ್‌ಟಾಪ್ ಹೊಸದು, ಉಬುಂಟು ಹಳೆಯದಾಗಿದ್ದರೆ ಅಪ್‌ಡೇಟ್ ಬೇಕಾಗಬಹುದು. ರಿಯಲ್‌ಟೆಕ್‌ಗೂ ಮೊದಲು ಇದನ್ನೇ ಮಾಡಿ ನೋಡಿ. ವೈಫೈ ಇಲ್ಲದೆ ಅಪ್‌ಡೇಟ್ ಹೇಗೆ ಅಂತೀರಾ? ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ, ಫೋನಿನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಸಾಮಾನ್ಯವಾಗಿ ಯಾವ ಡ್ರೈವರೂ ಹಾಕದೆ ನೆಟ್ ಬರುತ್ತದೆ.

ಬ್ರಾಡ್‌ಕಾಮ್ ಆದರೆ ಉಬುಂಟುವಿನ ‘ಅಡಿಷನಲ್ ಡ್ರೈವರ್ಸ್’ ತೆರೆದು, ಅದು ತೋರಿಸಿದ್ದನ್ನು ಆರಿಸಿ. ಇಲ್ಲೇ ತುಂಬಾ ಜನ ಎಡವುತ್ತಾರೆ. ಸೆಕ್ಯೂರ್ ಬೂಟ್ (ನಂಬಬಹುದಾದ ಸಹಿ ಇಲ್ಲದ ಸಾಫ್ಟ್‌ವೇರನ್ನು ಬೂಟ್ ಆಗುವಾಗ ತಡೆಯುವ ರಕ್ಷಣೆ) ಆನ್ ಇದ್ದರೆ, ಡ್ರೈವರ್ ಹಾಕುವಾಗ ಹೊಸದೊಂದು ಪಾಸ್‌ವರ್ಡ್ ಕೇಳುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತದೆ. ಹೆದರಬೇಡಿ, ಯಾವುದೂ ಕೆಟ್ಟಿಲ್ಲ. ಆದರೆ ಸುಮ್ನೆ ಕೂರಬೇಡಿ, ಸ್ವಲ್ಪ ಹೊತ್ತಿಗೇ ಅದು ತಾನಾಗಿ ಮುಂದೆ ಹೋಗಿಬಿಡುತ್ತದೆ. ಕೂಡಲೇ ಒಂದು ಕೀ ಒತ್ತಿ, ‘ಎನ್‌ರೋಲ್ ಎಂಒಕೆ’ ಆರಿಸಿ, ‘ಕಂಟಿನ್ಯೂ’, ‘ಎಸ್’ ಎಂದು ಕೊಟ್ಟು, ಆ ಪಾಸ್‌ವರ್ಡ್ ಹಾಕಿ. ಇದನ್ನು ಬಿಟ್ಟರೆ ಡ್ರೈವರ್ ಡಿಸ್ಕ್‌ನಲ್ಲಿದ್ದರೂ ಕರ್ನಲ್ ಅದನ್ನು ಒಳಗೆ ಸೇರಿಸುವುದಿಲ್ಲ. ಸೆಕ್ಯೂರ್ ಬೂಟನ್ನೇ ಆಫ್ ಮಾಡಿ ಎಂದು ಸಲಹೆ ಕೊಡುವವರು ಸಿಗುತ್ತಾರೆ. ಎರಡು ನಿಮಿಷದ ಈ ಕೆಲಸಕ್ಕೆ ಹೆದರಿ ಒಂದು ರಕ್ಷಣೆಯನ್ನು ಕಳೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ವಿಂಡೋಸ್‌ನಲ್ಲಿ ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ಸೌಲಭ್ಯ) ಇದ್ದರೆ, ಸೆಕ್ಯೂರ್ ಬೂಟ್ ಆಫ್ ಮಾಡಿದ ಮೇಲೆ ಅದು ರಿಕವರಿ ಕೀ ಕೇಳಿ ಕೂರಬಹುದು.

ಹೀಗೆ ಸರಿಯಾದ ವೈಫೈ ಮುಂದೆ ಯಾವಾಗಲಾದರೂ ಕರ್ನಲ್ ಅಪ್‌ಡೇಟ್ ಆದ ಮಾರನೇ ದಿನ ಕೈಕೊಟ್ಟರೆ, ಬೂಟ್ ಮೆನುವಿನ ‘ಅಡ್ವಾನ್ಸ್‌ಡ್ ಆಪ್ಷನ್ಸ್’ನಲ್ಲಿ ಹಳೆಯ ಕರ್ನಲ್ ಆರಿಸಿ ನೋಡಿ. ಅದರಲ್ಲಿ ವೈಫೈ ಬಂದರೆ, ಹೊಸ ಕರ್ನಲ್‌ಗೆ ಡ್ರೈವರ್ ಸಿದ್ಧವಾಗುವವರೆಗೆ ಹಳೆಯದರಲ್ಲೇ ಕೆಲಸ ಮುಂದುವರಿಸಬಹುದು.